ಲಾರಿ ಕ್ಯೂ ನಿಂತಿರುವಾಗಲೇ ಡಿಸ್ಕ್ ಪರೀಕ್ಷೆ: ಮಂಡ್ಯದ ಒಂದು ವೇಬ್ರಿಡ್ಜ್ ಪ್ರಕರಣ

"ಆಫ್ ಮಾಡಂಗಿಲ್ಲ ಕಣಪ್ಪ. ಓಡ್ತಾ ಇರಂಗೇ ನೋಡು" ಅಂದರು ಯಜಮಾನರು. ಹೊರಗೆ ಹದಿನಾಲ್ಕು ಗಾಡಿ ನಿಂತಿದ್ದವು. ಅರ್ಧಕ್ಕರ್ಧ ಕಬ್ಬಿನ ಟ್ರ್ಯಾಕ್ಟರ್, ಉಳಿದವು ಬೆಲ್ಲದ ಲಾರಿ, ಮಧ್ಯೆ ಒಂದೆರಡು ಭತ್ತದ ಲೋಡು.

ಮಂಡ್ಯದ ಹೊರಗಿನ ಒಂದು ಖಾಸಗಿ ವೇಬ್ರಿಡ್ಜ್, ಅಂದರೆ ಗಾಡಿ ಸಮೇತ ತೂಗುವ ಕಟ್ಟೆ ಅದು. ಅಲ್ಲಿನ ಕಂಪ್ಯೂಟರ್ ಕೈಕೊಟ್ಟಿದೆ ಅಂತ ನನ್ನನ್ನು ಕರೆಸಿದ್ದರು. ಸುತ್ತಮುತ್ತ ಆಲೆಮನೆಗಳು. ಹಂಗಾಮು ಬಂತೆಂದರೆ ಬೆಳಗಿನ ಐದರಿಂದ ರಾತ್ರಿ ಒಂದರವರೆಗೆ ತೂಕ ನಡೆಯುತ್ತಲೇ ಇರುತ್ತದೆ. ಗಾಡಿ ಹತ್ತಿದಾಗ ಕೆಳಗಿನ ಲೋಡ್ ಸೆಲ್‌ಗಳು ಭಾರವನ್ನು ತೂಕ ತೋರಿಸುವ ಇಂಡಿಕೇಟರ್‌ಗೆ ಹೇಳುತ್ತವೆ. ಅಲ್ಲಿಂದ ಒಂದು ಕೇಬಲ್ ಕಂಪ್ಯೂಟರ್‌ಗೆ ಬರುತ್ತದೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಚೀಟಿ ಕೊಡುತ್ತದೆ. ಲೋಡಿನ ತೂಕ, ಖಾಲಿ ತೂಕ, ನಿವ್ವಳ ತೂಕ. ಆ ಚೀಟಿಯ ಮೇಲೆ ರೈತನ ದುಡ್ಡು ನಿಂತಿರುತ್ತದೆ. ಅದಕ್ಕೇ ಈ ಪ್ರಕರಣವನ್ನು ಪೂರ್ತಿ ಬರೆದಿಡಬೇಕು ಅನ್ನಿಸಿತು.

ಯಂತ್ರ ಸಾಮಾನ್ಯದ್ದೇ. ವಿಂಡೋಸ್ 10, ಒಂದು ಟಿಬಿಯ ಹಾರ್ಡ್ ಡಿಸ್ಕ್, ಐದು ವರ್ಷದಿಂದ ಹೆಚ್ಚುಕಮ್ಮಿ ಹಗಲೂ ರಾತ್ರಿ ಓಡಿದ್ದು. ತೂಕದ ಪ್ರೋಗ್ರಾಂ ಎಲ್ಲ ಚೀಟಿಗಳನ್ನೂ ಡಿ ಡ್ರೈವ್‌ನಲ್ಲಿ ಒಂದೇ ಎಂಡಿಬಿ (ಡೇಟಾಬೇಸ್) ಫೈಲ್‌ಗೆ ಬರೆಯುತ್ತದೆ. ಫೈಲ್ ಸುಮಾರು 140 ಎಂಬಿ. ಐದು ವರ್ಷದ ತೂಕ ಅಷ್ಟರಲ್ಲಿ ಅಡಗಿತ್ತು.

ತೊಂದರೆ ಶುರುವಾಗಿ ಹತ್ತು ದಿನ ಆಗಿತ್ತು. ಚೀಟಿ ಹಾಕುವಾಗ ಏನೂ ಇಲ್ಲ, ಪಟಪಟ ಬರುತ್ತಿತ್ತು. ರಾತ್ರಿ ದಿನದ ಲೆಕ್ಕ ತೆಗೆಯುವಾಗ ಮಾತ್ರ ಪರದೆ ಹಾಗೇ ನಿಂತುಬಿಡುತ್ತಿತ್ತು. ಮೊದಲು ಅರ್ಧ ನಿಮಿಷ, ಆಮೇಲೆ ಎರಡು ನಿಮಿಷ. ಹಿಂದಿನ ರಾತ್ರಿ ಬಿಡಲೇ ಇಲ್ಲ, ಸ್ವಿಚ್ ಒತ್ತಿ ಆರಿಸಬೇಕಾಯಿತು. ನನಗಿಂತ ಮುಂಚೆ ಬಂದವರೊಬ್ಬರು ಇಂಡಿಕೇಟರ್ ಕೇಬಲ್ ಬದಲಾಯಿಸಿ, ವೈರಸ್ ಇರಬೇಕು, ಫಾರ್ಮ್ಯಾಟ್ ಮಾಡೋಣ ಅಂದಿದ್ದರಂತೆ. ಯಜಮಾನರು ಒಪ್ಪಿರಲಿಲ್ಲ. ಅವರು ಒಪ್ಪದೆ ಇದ್ದದ್ದೇ ಈ ಪ್ರಕರಣ ಚೆನ್ನಾಗಿ ಮುಗಿಯಲು ಮೊದಲ ಕಾರಣ.

ಚೀಟಿ ಬರೆಯುವ ಹುಡುಗಿಗೆ, "ಈಗ ಒಂದು ಸಲ ದಿನದ ಲೆಕ್ಕ ತೆಗಿಯವ್ವ" ಅಂದೆ. ಕ್ಯಾಬಿನೆಟ್ ಮೇಲೆ ಅಂಗೈ ಇಟ್ಟು ಕೂತೆ. ಮೊದಲ ಎರಡು ಸೆಕೆಂಡ್ ಡಿಸ್ಕ್ ಓದುವ ಮಾಮೂಲಿ ಗುರುಗುರು. ಆಮೇಲೆ ಸದ್ದು ಬದಲಾಯಿತು. ಟಕ್. ನಿಶ್ಶಬ್ದ. ಟಕ್. ನಿಶ್ಶಬ್ದ. ಗಡಿಯಾರದ ಹಾಗೆ ಒಂದೇ ಅಳತೆಯಲ್ಲಿ. ಮುಂದಿನ ಕೆಂಪು ದೀಪ ಮಿನುಗುವುದನ್ನು ಬಿಟ್ಟು ಒಂದೇ ಸಮ ಉರಿಯುತ್ತಿತ್ತು. ಡಿಸ್ಕ್ ಒಂದೇ ಜಾಗವನ್ನು ಓದಲು ಮತ್ತೆ ಮತ್ತೆ ಪ್ರಯತ್ನ ಪಡುವಾಗ ಬರುವ ಸದ್ದು ಅದು. ವೈರಸ್‌ಗೆ ಈ ಸದ್ದು ಬರುವುದಿಲ್ಲ.

ವಿಂಡೋಸ್ ತನ್ನ ಎಡವಟ್ಟುಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆಗೆದು ನೋಡಿದೆ. ಸಿಸ್ಟಮ್ ಲಾಗ್‌ನಲ್ಲಿ ಡಿಸ್ಕ್ ಹೆಸರಿನಲ್ಲಿ 7 ಮತ್ತು 153 ಎಂಬ ಎರಡು ನಂಬರ್ ಸಾಲಾಗಿ ಇದ್ದವು. 7 ಅಂದರೆ ಡಿಸ್ಕ್‌ನಲ್ಲಿ ಕೆಟ್ಟ ಜಾಗ ಸಿಕ್ಕಿದೆ ಅಂತ. 153 ಅಂದರೆ ಓದುವ ಕೆಲಸವನ್ನು ಮತ್ತೆ ಮಾಡಬೇಕಾಯಿತು ಅಂತ. ಸಮಯ ನೋಡಿದರೆ ಎಲ್ಲ ರಾತ್ರಿ ಹನ್ನೆರಡೂವರೆಯ ಆಸುಪಾಸು, ಲೆಕ್ಕ ತೆಗೆಯುವ ಹೊತ್ತು. ಫೈಲ್ ವ್ಯವಸ್ಥೆಯೇ, ಅಂದರೆ ಯಾವ ಫೈಲ್ ಎಲ್ಲಿದೆ ಎಂಬ ದಾಖಲೆಯೇ, ಕೆಟ್ಟಿದೆ ಎಂದು ಹೇಳುವ 55ನೇ ನಂಬರ್ ಒಂದೂ ಇರಲಿಲ್ಲ.

ಸ್ಕ್ಯಾನ್ "ಏನೂ ತೊಂದರೆ ಇಲ್ಲ" ಅಂದಿತು

ಇಲ್ಲಿ ನನ್ನ ಕ್ರಮ ತಪ್ಪಿತು. 7ನೇ ನಂಬರ್ ಕಂಡ ಮೇಲೆ ಮೊದಲು ಡಿಸ್ಕ್‌ನ ಆರೋಗ್ಯ ಕೇಳಬೇಕಿತ್ತು. ನಾನು ಅಭ್ಯಾಸದಂತೆ ಚೆಕ್‌ಡಿಸ್ಕ್, ಅಂದರೆ ಡ್ರೈವ್‌ನ ದೋಷ ಹುಡುಕಿ ಸರಿಪಡಿಸುವ ವಿಂಡೋಸ್‌ನ ಸಾಧನ, ಹಾಕಿದೆ.

ಚೆಕ್‌ಡಿಸ್ಕ್ ಅಂದರೆ ಈಗಲೂ ತುಂಬ ಜನ ಹೆದರುತ್ತಾರೆ. ಹಳೆಯ ವಿಂಡೋಸ್‌ನಲ್ಲಿ ದೋಷ ಸರಿಪಡಿಸಬೇಕಾದರೆ ಡ್ರೈವ್‌ಗೆ ಬೀಗ ಹಾಕಬೇಕಿತ್ತು. ಬಳಕೆಯಲ್ಲಿದ್ದರೆ ಮುಂದಿನ ಸಲ ಯಂತ್ರ ಶುರುವಾಗುವಾಗ ಮಾಡುತ್ತೇನೆ ಅನ್ನುತ್ತಿತ್ತು. ಆಮೇಲೆ ಡಿಸ್ಕ್ ದೊಡ್ಡದಾದಷ್ಟೂ, ಫೈಲ್ ಜಾಸ್ತಿ ಇದ್ದಷ್ಟೂ ಕಾಯಬೇಕು. 2012ರಲ್ಲಿ ವಿಂಡೋಸ್ 8 ಬಂದಾಗ ಇದು ಬದಲಾಯಿತು. ಈಗ "ಸ್ಕ್ಯಾನ್" ಎಂಬ ಸ್ವಿಚ್ (ಆಜ್ಞೆಯ ಜೊತೆ ಬರೆಯುವ ಆಯ್ಕೆ) ಹಾಕಿದರೆ ಡ್ರೈವ್ ಬಳಕೆಯಲ್ಲಿ ಇರುವಾಗಲೇ ಆ ಕ್ಷಣದ ಒಂದು ಸ್ನ್ಯಾಪ್‌ಶಾಟ್ ತೆಗೆದುಕೊಂಡು ಪರೀಕ್ಷೆ ಮಾಡುತ್ತದೆ. ಸಿಕ್ಕ ದೋಷಗಳನ್ನು ಪಟ್ಟಿ ಮಾಡಿಡುತ್ತದೆ. ಆಮೇಲೆ "ಸ್ಪಾಟ್‌ಫಿಕ್ಸ್" ಅಂದರೆ ಆ ಪಟ್ಟಿಯಲ್ಲಿ ಇರುವುದನ್ನಷ್ಟೇ ಸರಿಮಾಡುತ್ತದೆ. ಗಂಟೆಗಟ್ಟಲೆ ನಿಲ್ಲಿಸುವ ಬದಲು ಸಾಮಾನ್ಯವಾಗಿ ಕೆಲವು ಸೆಕೆಂಡ್ ನಿಲ್ಲಿಸಿದರೆ ಸಾಕು.

ಒಂದು ಎಚ್ಚರಿಕೆ ಮಾತ್ರ ಬೇಕು. ಸ್ಕ್ಯಾನ್ ಅಂದರೆ ಸುಮ್ನೆ ನೋಡುವುದು ಅಂತ ತಿಳಿದರೆ ತಪ್ಪು. ನಿಂತ ಜಾಗದಲ್ಲೇ ಸರಿಪಡಿಸಬಹುದಾದದ್ದನ್ನು ಅದು ಸರಿಪಡಿಸಿಬಿಡುತ್ತದೆ. ಡೇಟಾ ಇನ್ನೂ ಬೇರೆ ಕಡೆ ಇಡದೆ ಇರುವಾಗ ನನಗೆ ಅದು ಬೇಡ. ಅದಕ್ಕೆ "ಫೋರ್ಸ್‌ಆಫ್‌ಲೈನ್‌ಫಿಕ್ಸ್" ಎಂಬ ಇನ್ನೊಂದು ಸ್ವಿಚ್ ಸೇರಿಸಿದೆ. ಆಗ ರಿಪೇರಿಯನ್ನೆಲ್ಲ ಮುಂದಕ್ಕೆ ಇಡುತ್ತದೆ. ಯಾವ ಸ್ವಿಚ್ಚೂ ಇಲ್ಲದ ಬರಿಯ ಚೆಕ್‌ಡಿಸ್ಕ್ ಓದುತ್ತದೆ ಅಷ್ಟೇ, ಆದರೆ ಬಳಕೆಯಲ್ಲಿರುವ ಡ್ರೈವ್ ಮೇಲೆ ಅದು ಇಲ್ಲದ ದೋಷ ಹೇಳುವುದೂ ಉಂಟು.

ಹನ್ನೆರಡು ನಿಮಿಷದಲ್ಲಿ ಸ್ಕ್ಯಾನ್ ಮುಗಿಯಿತು. ಅಷ್ಟರಲ್ಲಿ ಮೂರು ಟ್ರ್ಯಾಕ್ಟರ್ ತೂಕ ಆಗಿ ಹೋದವು. ಫಲಿತಾಂಶ: ಯಾವ ತೊಂದರೆಯೂ ಕಂಡಿಲ್ಲ. ಯಜಮಾನರ ಮುಖ ಅರಳಿತು. "ಸರ್ಯಾಗೈತಂತಲ್ಲಪ್ಪ!" ಅಂದರು. ನನಗೂ ಒಂದು ಕ್ಷಣ ಬ್ಯಾಗ್ ಎತ್ತಿಕೊಳ್ಳುವ ಮನಸ್ಸಾಯಿತು. ಆದರೆ ಆ ಟಕ್ ಟಕ್ ಕಿವಿಯಲ್ಲೇ ಇತ್ತು.

ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ನಿಮ್ಮ ಪಹಣಿ ನೋಡಿದರೆ ಸರ್ವೆ ನಂಬರ್, ವಿಸ್ತೀರ್ಣ, ಹೆಸರು ಎಲ್ಲ ಸರಿ ಇರಬಹುದು. ಅಷ್ಟಕ್ಕೇ ಗದ್ದೆಯ ಬದು ಒಡೆದಿಲ್ಲ ಅನ್ನಲು ಆಗುತ್ತದಾ? ಪಹಣಿ ನೋಡಿದವನು ಗದ್ದೆಗೆ ಹೋಗಿರುವುದಿಲ್ಲ. ಸ್ಕ್ಯಾನ್ ಕೂಡ ಹಾಗೇ. ಯಾವ ಫೈಲ್ ಎಲ್ಲಿದೆ, ಯಾವ ಜಾಗ ಯಾರದು, ಯಾವ ಜಾಗ ಖಾಲಿ ಎಂಬ ದಾಖಲೆಯನ್ನು ಅದು ತಾಳೆ ನೋಡುತ್ತದೆ. ಫೈಲ್‌ನ ಒಳಗಿನ ಚೀಟಿಗಳನ್ನು ಓದಿಯೇ ಇರುವುದಿಲ್ಲ. ವಿಂಡೋಸ್‌ನ ಫೈಲ್ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್ ತನ್ನೊಳಗಿನ ಡೇಟಾಗೆ ಚೆಕ್‌ಸಮ್ (ಡೇಟಾ ಬದಲಾಗಿದೆಯಾ ಅಂತ ತಾಳೆ ನೋಡುವ ಸಂಖ್ಯೆ) ಕೂಡ ಇಡುವುದಿಲ್ಲ. ಝಡ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಥರದ ಬೇರೆ ಫೈಲ್ ವ್ಯವಸ್ಥೆಗಳು ಇಡುತ್ತವೆ. ಅಲ್ಲಿ "ಸ್ಕ್ರಬ್" ಅಂತ ಕೊಟ್ಟರೆ ಯಂತ್ರ ಓಡುತ್ತಿರುವಾಗಲೇ ಡೇಟಾವನ್ನೂ ಓದಿ ಚೆಕ್‌ಸಮ್ ಜೊತೆ ಹೋಲಿಸಿ ನೋಡುತ್ತದೆ.

ಗದ್ದೆಗೆ ಇಳಿದು ನೋಡುವುದು

ನೆಲವನ್ನೇ ನೋಡಬೇಕಾದರೆ ಡಿಸ್ಕನ್ನೇ ಕೇಳಬೇಕು. ಪ್ರತಿ ಡಿಸ್ಕೂ ತನ್ನ ಬಗ್ಗೆ ತಾನೇ ಒಂದು ಲೆಕ್ಕ ಬರೆದುಕೊಳ್ಳುತ್ತದೆ. ಅದಕ್ಕೆ ಸ್ಮಾರ್ಟ್ ಅನ್ನುತ್ತಾರೆ. ಓದಲು ನಾನು ಬಳಸುವುದು ಸ್ಮಾರ್ಟ್‌ಸಿಟಿಎಲ್ ಎಂಬ ಉಚಿತ ಸಾಧನ. ಪೆನ್‌ಡ್ರೈವ್‌ನಿಂದಲೇ ಓಡಿಸಿದೆ, ಆ ಡಿಸ್ಕ್ ಮೇಲೆ ಹೊಸದಾಗಿ ಏನನ್ನೂ ಇನ್‌ಸ್ಟಾಲ್ ಮಾಡಲು ಇಷ್ಟ ಇರಲಿಲ್ಲ.

ನಾಲ್ಕು ಸಾಲು ಮುಖ್ಯ. 5ನೇ ಸಾಲು, ಕೆಟ್ಟ ಜಾಗ ಬಿಟ್ಟು ಬದಲಿ ಜಾಗ ಬಳಸಿದ ಲೆಕ್ಕ: ಸೊನ್ನೆ. 197, ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳು (ಡಿಸ್ಕ್ ಮೇಲಿನ ಚಿಕ್ಕ ತುಂಡುಗಳು): 16. 198, ಡಿಸ್ಕ್ ತಾನೇ ಪರೀಕ್ಷಿಸಿದಾಗ ಓದಲಾಗದ್ದು: 16. 199, ಕೇಬಲ್‌ನಲ್ಲಿ ಆದ ಎಡವಟ್ಟಿನ ಲೆಕ್ಕ: ಸೊನ್ನೆ. ಈ 199 ಏರುತ್ತಿದ್ದರೆ ಎಷ್ಟೋ ಸಲ ಡಿಸ್ಕ್‌ಗೆ ಹೊಸ ಸಾಟಾ ಕೇಬಲ್ ಹಾಕಿದರೆ ಮುಗಿಯುತ್ತದೆ. ಇಲ್ಲಿ ಹಾಗಲ್ಲ. 197ರಲ್ಲಿ 16 ಅಂದರೆ ಡಿಸ್ಕ್‌ನ ಮೈಯಲ್ಲೇ ಗಾಯ. ಈ ಡಿಸ್ಕ್ 512 ಬೈಟಿನ ಲೆಕ್ಕದಲ್ಲಿ ಎಣಿಸುತ್ತದೆ, ನಿಜವಾದ ಸೆಕ್ಟರ್ 4096 ಬೈಟಿನದು. ಹಾಗಾಗಿ ಕೆಟ್ಟಿರುವುದು ಎರಡು ಸೆಕ್ಟರ್.

ಮುಂದೆ ದೀರ್ಘ ಪರೀಕ್ಷೆ. ಬಳಕೆಯಲ್ಲಿರುವ ಯಂತ್ರಕ್ಕೆ ಇದರಷ್ಟು ಹೊಂದುವ ಪರೀಕ್ಷೆ ನನಗೆ ಬೇರೆ ಗೊತ್ತಿಲ್ಲ. ಆಜ್ಞೆ ಕೊಟ್ಟ ಮೇಲೆ ವಿಂಡೋಸ್‌ಗೆ ಕೆಲಸವೇ ಇಲ್ಲ. ಡಿಸ್ಕ್ ತನ್ನೊಳಗೇ ಮೊದಲಿನಿಂದ ಕೊನೆಯವರೆಗೆ ಓದುತ್ತಾ ಹೋಗುತ್ತದೆ. ಮಧ್ಯೆ ಕಂಪ್ಯೂಟರ್ ಏನಾದರೂ ಕೇಳಿದರೆ ಪರೀಕ್ಷೆ ನಿಲ್ಲಿಸಿ, ಕೇಳಿದ್ದನ್ನು ಕೊಟ್ಟು, ಮತ್ತೆ ಬಿಟ್ಟಲ್ಲಿಂದ ಶುರುಮಾಡುತ್ತದೆ. ಡಿಸ್ಕ್‌ಗೆ ಏನನ್ನೂ ಬರೆಯುವುದಿಲ್ಲ. ಕ್ಯಾಪ್ಟಿವ್ ಎಂಬ ಇನ್ನೊಂದು ವಿಧಾನ ಇದೆ, ಅದರಲ್ಲಿ ಪರೀಕ್ಷೆ ಮುಗಿಯುವವರೆಗೆ ಡಿಸ್ಕ್ ಯಾರ ಮಾತೂ ಕೇಳುವುದಿಲ್ಲ. ಓಡುತ್ತಿರುವ ಯಂತ್ರದ ಮೇಲೆ ಅದನ್ನು ಯಾವತ್ತೂ ಹಾಕಬೇಡಿ. ಸ್ಲೀಪ್ ಸೆಟ್ಟಿಂಗ್ ಕೂಡ ತೆಗೆದಿಡಿ, ಯಂತ್ರ ಮಲಗಿದರೆ ಪರೀಕ್ಷೆ ಅಲ್ಲಿಗೇ ಕಡಿದುಹೋಗುತ್ತದೆ.

ಸುಮ್ಮನಿದ್ದರೆ 110 ನಿಮಿಷ ಅಂತ ಡಿಸ್ಕ್ ಹೇಳಿತು. ನಾನು ಹುಡುಗಿಗೆ ಒಂದೇ ಮಾತು ಹೇಳಿದೆ: "ಚೀಟಿ ಹಾಕ್ತಾ ಇರವ್ವ. ಲೆಕ್ಕ ಮಾತ್ರ ತೆಗೀಬೇಡ, ಹಳೇದು ಹುಡುಕಬೇಡ." ಪ್ರಿಂಟರ್ ಕರಕರ ಅನ್ನುತ್ತಾ ಇತ್ತು. ಒಂದು ಚೀಟಿಯೂ ತಡವಾಗಲಿಲ್ಲ. ಮುಕ್ಕಾಲು ಗಂಟೆ ಕಳೆದು ನೋಡಿದಾಗ ಪರೀಕ್ಷೆ ನಿಂತಿತ್ತು: ಓದುವಾಗ ವಿಫಲ, ಶೇ. 70 ಬಾಕಿ, ಮೊದಲ ಕೆಟ್ಟ ಸೆಕ್ಟರ್ 51,28,74,360.

ಈ ಸಂಖ್ಯೆಯೇ ಇಡೀ ಕಥೆಯ ಕೀಲಿ. ಡಿ ಡ್ರೈವ್ ಶುರುವಾಗುವುದು 41,94,32,448ನೇ ಸೆಕ್ಟರ್‌ನಿಂದ. ಕಳೆದರೆ 9,34,41,912. ವಿಂಡೋಸ್ ಫೈಲ್‌ಗಳಿಗೆ ಜಾಗ ಹಂಚುವುದು ಕ್ಲಸ್ಟರ್ ಲೆಕ್ಕದಲ್ಲಿ. ಒಂದು ಕ್ಲಸ್ಟರ್‌ಗೆ ಎಂಟು ಸೆಕ್ಟರ್, ಹಾಗಾಗಿ ಎಂಟರಿಂದ ಭಾಗಿಸಿದರೆ 1,16,80,239. ಇದು ಡಿ ಡ್ರೈವ್‌ನ ಕ್ಲಸ್ಟರ್ ನಂಬರ್. ಎಫ್‌ಎಸ್‌ಯುಟಿಲ್ ಎಂಬ ವಿಂಡೋಸ್‌ನದೇ ಸಾಧನಕ್ಕೆ "ಈ ಕ್ಲಸ್ಟರ್ ಯಾರದು?" ಅಂತ ಕೇಳಬಹುದು. ಕೇಳಿದೆ. ತೂಕದ ಎಂಡಿಬಿ ಫೈಲ್ ಹೆಸರು ಬಂತು.

ಆಗ ಎಲ್ಲ ಕೂಡಿಕೊಂಡಿತು. ಹೊಸ ಚೀಟಿ ಫೈಲ್‌ನ ಕೊನೆಗೆ ಸೇರುತ್ತದೆ, ಅಲ್ಲಿ ನೆಲ ಗಟ್ಟಿ. ದಿನದ ಲೆಕ್ಕ ತೆಗೆಯುವಾಗ ಆ ಪ್ರೋಗ್ರಾಂ ಐದು ವರ್ಷದ ಹಿಂದಿನಿಂದ ಒಂದೊಂದೇ ಸಾಲು ಓದಿಕೊಂಡು ಬರುತ್ತದೆ. ದಾರಿಯ ಮಧ್ಯೆ ಆ ಗುಂಡಿ.

ರಿಪೇರಿ ಮಾಡದೆ ಇದ್ದದ್ದು

ಇಲ್ಲಿ ಬಹಳ ಜನ ಚೆಕ್‌ಡಿಸ್ಕ್‌ಗೆ "ಆರ್" ಸ್ವಿಚ್ ಹಾಕುತ್ತಾರೆ. ಅದು ಕೆಟ್ಟ ಜಾಗ ಹುಡುಕಿ, ಓದಲು ಬಂದಷ್ಟು ಓದಿ, ಆ ಕ್ಲಸ್ಟರ್‌ಗೆ ಕೆಟ್ಟದ್ದು ಅಂತ ಗುರುತು ಹಾಕುತ್ತದೆ. ಡ್ರೈವ್‌ಗೆ ಬೀಗ ಬೀಳುತ್ತದೆ, ಒಂದು ಟಿಬಿಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಅದಕ್ಕಿಂತ ದೊಡ್ಡ ನೋವು ಬೇರೆ. ಓದಲು ಬಾರದ ತುಂಡು ಫೈಲ್‌ನಿಂದ ಹೋಗುತ್ತದೆ. ಹೋದದ್ದು ಏನು ಅಂತ ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ನನಗೆ ಇದು ಓದಿ ಬಂದ ಭಯ ಅಲ್ಲ. ಕೆಲವು ವರ್ಷದ ಹಿಂದೆ ಒಂದು ಅಕ್ಕಿ ಗಿರಣಿಯಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಯಾರೋ ದೋಷ ಸರಿಪಡಿಸುವ ಸ್ವಿಚ್ ಒತ್ತಿಬಿಟ್ಟಿದ್ದರು. ನಾನು ಹೋಗುವಷ್ಟರಲ್ಲಿ ಅವರ ಲೆಕ್ಕದ ಫೋಲ್ಡರ್ ಇರಲಿಲ್ಲ. ಬದಲಿಗೆ ಫೌಂಡ್ 000 ಎಂಬ ಅಡಗಿದ ಫೋಲ್ಡರ್, ಅದರೊಳಗೆ ಹೆಸರಿಲ್ಲದ ನೂರಾರು ಸಿಎಚ್‌ಕೆ ಫೈಲ್‌ಗಳು. ಡ್ರೈವ್ ಮಾತ್ರ ಆರೋಗ್ಯವಾಗಿತ್ತು. ಚೆಕ್‌ಡಿಸ್ಕ್ ಕಾಪಾಡುವುದು ಫೈಲ್ ವ್ಯವಸ್ಥೆಯನ್ನು. ನಿಮ್ಮ ಲೆಕ್ಕ ಉಳಿಯಿತೋ ಇಲ್ಲವೋ ಅದು ನೋಡುವುದಿಲ್ಲ. ಎರಡು ರಾತ್ರಿ ಕೂತು ತುಂಡು ಜೋಡಿಸಿದೆವು, ಪೂರ್ತಿ ಸಿಗಲಿಲ್ಲ. ಅವತ್ತಿನಿಂದ ನನ್ನ ಕ್ರಮ ಒಂದೇ: ಮೊದಲು ಬರೆಯದೆ ನೋಡುವುದು, ಆಮೇಲೆ ಪ್ರತಿ ತೆಗೆಯುವುದು, ರಿಪೇರಿ ಕೊನೆಗೆ. ಅದೂ ಪ್ರತಿಯ ಮೇಲೆ.

"ಬ್ಯಾಕಪ್ ಏನಾದ್ರೂ ಐತಾ?" ಅಂದೆ. ಯಜಮಾನರು ಸುಮ್ಮನಾದರು. ಹುಡುಗಿ ತನ್ನ ಬ್ಯಾಗ್‌ನಿಂದ ಒಂದು ಪೆನ್‌ಡ್ರೈವ್ ತೆಗೆದಳು. "ತಿಂಗಳಿಗೊಂದ್ಸಲ ಕಾಪಿ ಮಾಡ್ಕತೀನಿ ಅಣ್ಣ. ಯಾರೂ ಹೇಳಿರ್ಲಿಲ್ಲ, ನಾನೇ." ಕೊನೆಯ ಪ್ರತಿ 19 ದಿನ ಹಳೆಯದು. ತೊಂದರೆ ಶುರುವಾದದ್ದು ಹತ್ತು ದಿನದ ಹಿಂದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ತೆರೆದು, ಮೊದಲ ಚೀಟಿಯಿಂದ ಕೊನೆಯವರೆಗೆ ಲೆಕ್ಕ ತೆಗೆಸಿದೆ. ಎಲ್ಲೂ ನಿಲ್ಲಲಿಲ್ಲ. ಆ ಹುಡುಗಿಗೆ ಕೈ ಮುಗಿಯಬೇಕು ಅನ್ನಿಸಿತು.

ಬೇಕಾಗಿದ್ದದ್ದು ಉಳಿದ 19 ದಿನ ಮಾತ್ರ. ಇಡೀ ಫೈಲ್ ಕಾಪಿ ಮಾಡಲು ಹೋದರೆ ಆ ಗುಂಡಿಯಲ್ಲಿ ಬಿದ್ದು ನಿಲ್ಲುತ್ತದೆ. ರೋಬೊಕಾಪಿ ಎಂಬ ವಿಂಡೋಸ್‌ನ ಕಾಪಿ ಸಾಧನ ಬಳಸುವವರು ಇದನ್ನು ನೆನಪಿಡಿ: ಏನೂ ಹೇಳದಿದ್ದರೆ ಅದು ಓದಲಾಗದ ಫೈಲನ್ನು ಹತ್ತು ಲಕ್ಷ ಸಲ, ಸಲಕ್ಕೆ 30 ಸೆಕೆಂಡ್ ಕಾದು ಪ್ರಯತ್ನಿಸುತ್ತದೆ. ಸಾಯುತ್ತಿರುವ ಡಿಸ್ಕ್‌ಗೆ ಅದು ಚಿತ್ರಹಿಂಸೆ. ನಾನು ಚೀಟಿ ಸಂಖ್ಯೆ ಹಿಡಿದು ಹೋದೆ. ಪೆನ್‌ಡ್ರೈವ್‌ನ ಕೊನೆಯ ಚೀಟಿ ಸಂಖ್ಯೆಯಿಂದ ಮುಂದಿನದ್ದನ್ನಷ್ಟೇ ಕೇಳಿ ಬೇರೆ ಫೈಲ್‌ಗೆ ತೆಗೆದೆ. ಸಂಖ್ಯೆಗೆ ಇಂಡೆಕ್ಸ್ (ಹುಡುಕುಪಟ್ಟಿ) ಇರುವುದರಿಂದ ಹಳೆಯ ಭಾಗವನ್ನು ಅದು ಮುಟ್ಟಲೇ ಇಲ್ಲ. 40 ಸೆಕೆಂಡ್. ಟಕ್ ಸದ್ದು ಬರಲಿಲ್ಲ.

ಸಂಜೆ ನಾಲ್ಕೂವರೆಗೆ ಐದು ವರ್ಷದ ಲೆಕ್ಕ ಎರಡು ಕಡೆ ಇತ್ತು. ಯಂತ್ರ ಒಂದು ನಿಮಿಷವೂ ಆರಿರಲಿಲ್ಲ. ರಾತ್ರಿವರೆಗೆ ಗಂಟೆಗೊಮ್ಮೆ ಹೊಸ ಚೀಟಿಗಳನ್ನು ಹೀಗೇ ತೆಗೆದುಕೊಂಡೆವು.

ಉಳಿದದ್ದು ಡಿಸ್ಕ್ ಬದಲಾಯಿಸುವುದು. ಅದಕ್ಕೆ ಯಂತ್ರ ಆರಿಸಲೇಬೇಕು. ರಾತ್ರಿ ಒಂದಕ್ಕೆ ಆರಿಸಿ, ಲಿನಕ್ಸ್ ಪೆನ್‌ಡ್ರೈವ್‌ನಿಂದ ಎಬ್ಬಿಸಿ, ಕೆಟ್ಟ ಡಿಸ್ಕ್‌ನ ನಕಲು ತೆಗೆಯುವ ಡಿಡಿರೆಸ್ಕ್ಯೂ ಹಾಕಿದೆ. ಅದು ಮೊದಲು ಸಲೀಸಾಗಿ ಓದಲು ಬರುವುದನ್ನೆಲ್ಲ ಎತ್ತಿಕೊಂಡು, ಕಷ್ಟದ ಜಾಗವನ್ನು ಕೊನೆಗೆ ಇಟ್ಟುಕೊಳ್ಳುತ್ತದೆ. ಹೊಸದು ಒಂದು ಟಿಬಿ ಎಸ್‌ಎಸ್‌ಡಿ, ಒಳಗೆ ತಿರುಗುವ ಭಾಗವೇ ಇಲ್ಲದ ಡಿಸ್ಕ್. 960 ಜಿಬಿ ಅಂತ ಬರೆದಿರುವುದು ತಂದಿದ್ದರೆ ಇಡೀ ಡಿಸ್ಕ್ ಹಿಡಿಸುತ್ತಿರಲಿಲ್ಲ. ಮೂರರ ಹೊತ್ತಿಗೆ ಎರಡು ಬೆಲ್ಲದ ಲಾರಿ ಬಂದವು. ಇಂಡಿಕೇಟರ್‌ಗೆ ಕಂಪ್ಯೂಟರ್ ಬೇಕಿಲ್ಲವಲ್ಲ, ಅದರ ಮೇಲಿನ ತೂಕ ನೋಡಿ ಯಜಮಾನರೇ ಕಾರ್ಬನ್ ಹಾಳೆ ಇಟ್ಟು ಕೈಯಲ್ಲಿ ಚೀಟಿ ಬರೆದುಕೊಟ್ಟರು. ಮೂರೂ ಕಾಲಿಗೆ ನಕಲು ಮುಗಿಯಿತು. ಎರಡು ಕೆಟ್ಟ ಸೆಕ್ಟರ್‌ನಲ್ಲಿ ಒಂದು ಕೊನೆಯ ಪ್ರಯತ್ನದಲ್ಲಿ ಓದಿಸಿಕೊಂಡಿತು. ಇನ್ನೊಂದು, 4096 ಬೈಟ್, ಸಿಗಲೇ ಇಲ್ಲ.

ಹೊಸ ಡಿಸ್ಕ್‌ನಲ್ಲಿ ವಿಂಡೋಸ್ ಎದ್ದ ಮೇಲೆ ಚೆಕ್‌ಡಿಸ್ಕ್ ಅನ್ನು ರಿಪೇರಿ ಸ್ವಿಚ್ ಸಮೇತ ಧೈರ್ಯವಾಗಿ ಓಡಿಸಿದೆ. ಕೆಟ್ಟರೂ ಹಳೆಯದು ಹಾಗೇ ಇತ್ತಲ್ಲ. ಎಂಡಿಬಿ ಫೈಲ್ ತೆಗೆದು, ಪೆನ್‌ಡ್ರೈವ್‌ನ ಪ್ರತಿ ಇಟ್ಟು, 19 ದಿನದ ಚೀಟಿ ಸೇರಿಸಿದೆ. ಸಂಖ್ಯೆ ಒಂದೂ ಬಿಡದೆ ಸಾಲಾಗಿ ಬರುತ್ತದಾ ಅಂತ ನೋಡಿದೆ. ಬಂತು. ದಿನದ ಲೆಕ್ಕ ಮೂರು ಸೆಕೆಂಡ್‌ನಲ್ಲಿ ತೆರೆಯಿತು.

ಈಗ ಅಲ್ಲಿ ವಾರಕ್ಕೊಮ್ಮೆ ಸ್ಕ್ಯಾನ್, ತಿಂಗಳಿಗೊಮ್ಮೆ ದೀರ್ಘ ಪರೀಕ್ಷೆ, ದಿನಾ ರಾತ್ರಿ ಲೆಕ್ಕ ಮುಗಿದ ಮೇಲೆ ಕಾಪಿ. ಎಸ್‌ಎಸ್‌ಡಿ ಕೆಡುವಾಗ ಟಕ್ ಅನ್ನುವುದಿಲ್ಲ, ಅದಕ್ಕೇ ಇಷ್ಟು ಕಟ್ಟುನಿಟ್ಟು. ಪೆನ್‌ಡ್ರೈವ್ ಎರಡಾಗಿವೆ, ಒಂದು ಹುಡುಗಿಯ ಹತ್ತಿರವೇ ಇರುತ್ತದೆ. ಹಳೆಯ ಡಿಸ್ಕ್ ತಾರೀಖು ಬರೆದ ಕವರ್‌ನಲ್ಲಿ ಬೀರುವಿನಲ್ಲಿದೆ.

ಆ ಸಿಗದೆ ಹೋದ 4096 ಬೈಟ್‌ನಲ್ಲಿ ಏನಿತ್ತು ಅಂತ ನೋಡುವ ಆಸೆ ನನಗೆ. ಈ ಥರದ ಎಂಡಿಬಿ ಫೈಲ್‌ನಲ್ಲಿ ಒಂದು ಪುಟ ಅಂದರೆ ಸರಿಯಾಗಿ 4096 ಬೈಟ್. ಪೆನ್‌ಡ್ರೈವ್ ಪ್ರತಿಯಲ್ಲಿ ಅದೇ ಪುಟ ಹುಡುಕಿದೆ. 31 ಚೀಟಿ. ಹೋದ ಹಂಗಾಮಿನ ಎರಡು ದಿನದ ತೂಕ. ಅಚ್ಚು ಬೆಲ್ಲ, ಕಬ್ಬು, ಕಬ್ಬು, ಭತ್ತ, ಕಬ್ಬು. ಯಜಮಾನರು ಕನ್ನಡಕ ಏರಿಸಿಕೊಂಡು ಪರದೆ ಹತ್ತಿರ ಬಂದರು. ಗಾಡಿ ನಂಬರ್‌ಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಕೆಳಗೆ ಬಂದರು. ಹನ್ನೆರಡನೆಯದರ ಮೇಲೆ ಬೆರಳು ನಿಂತಿತು. "ಇದು ನಮ್ಮ ಬೀಗರ ಟ್ರ್ಯಾಕ್ಟರ್ ಕಣಪ್ಪ. ದುಡ್ಡು ಇನ್ನೂ ಬಂದಿಲ್ಲ ಅಂತಾವ್ರೆ. ಚೀಟಿ ಕಳ್ಕಂಡವ್ರೆ. ಇದೊಂದು ಪ್ರಿಂಟ್ ತಗೊಡು."

ಹೊರಗೆ ಐದರ ಮೊದಲ ಟ್ರ್ಯಾಕ್ಟರ್ ಹಾರ್ನ್ ಹೊಡೆಯಿತು. ಹುಡುಗಿ ಪ್ರಿಂಟರ್‌ಗೆ ಕಾಗದ ಏರಿಸಿದಳು.